ಮಾಸು ಹೂತ ಕೈ

ಕೊಣನೂರಿನ ಬಸ್ಸು ಅರಕಲಗೂಡು ದಾಟಿ
ಹಂಪು ಹಾರಿದ ಹೊತ್ತಿಗೆ
ಪಕ್ಕದ ಸೀಟಿನವಳು, "ಸುಣ್ಣ ಇದ್ರೆ ಒಂಚೂರು ಕೊಡಜ್ಜಿ."
ಟ್ಯೂಬು ಒತ್ತಿದೆ. ಬರಲಿಲ್ಲ.
ಬಾಯಿ ಕಟ್ಟಿದೆಯೇನೋ ಅಂತ ಬಗ್ಗಿ ನೋಡುತ್ತ
ಇನ್ನೊಂಚೂರು ಒತ್ತಿದೆ.
ಬಂತು, ಎಲೆಗಲ್ಲ,
ಎಡಗಣ್ಣಿಗೆ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ:
ವಾರಗಿತ್ತಿಯರ ಜಗಳದಲ್ಲಿ ನಾನೇ ಎಷ್ಟು ಸಲ ಆಡಿದ ಮಾತು.
ಆವತ್ತು ಬೆಣ್ಣೆ ಯಾರೂ ತರಲಿಲ್ಲ.
ಕಂಡಕ್ಟರ್ ಹುಡುಗ ಬಸ್ಸು ನಿಲ್ಲಿಸಿ
ಇದ್ದಬದ್ದವರ ಬಾಟ್ಲಿ ಕಿತ್ತು ನೀರು ಸುರಿದ.
ಹಾಸನದ ಆಸ್ಪತ್ರೆಯಲ್ಲಿ ಮತ್ತೆ ನೀರು,
ರೆಪ್ಪೆಯಂಚಿಗೆ ಒಂದು ಬಣ್ಣದ ಚೀಟಿ ಮುಟ್ಟಿಸಿ
"ಇನ್ನೂ ನೀಲಿ, ಇನ್ನೂ ತೊಳೀರಿ,"
ನಾನೇನು ಹೆಣವಾ, ಇಷ್ಟು ತೊಳೆಯೋಕೆ ಅಂದೆ.

ಫರ್ಹಾನಾ ಡಾಕ್ಟರು ಮಲಗಿಸಿ ಹೇಳಿದರು:
"ಮೇಲಿನ ಚರ್ಮ ಬೆಂದಿದೆ ಅಜ್ಜಿ. ಪೊರೆ ಹೊದಿಸ್ತೀವಿ."
ಪೊರೆ ಬಂದ್ರೆ ತೆಗೀತಾರೆ ಅಂತ ಕೇಳಿದ್ದೆ, ಹಾಕ್ತಾರಾ?
"ಇದು ಬೇರೆ. ಹೆರಿಗೆಯಾದ ಮೇಲೆ
ಮಾಸಿನ ಜೊತೆ ಬರುತ್ತಲ್ಲ, ಮಗು ಈಜಿದ ಚೀಲ..."

ನನಗೆ ಹೇಳಿಕೊಡ್ತಾರೆ!
ಬಸವಾಪಟ್ಟಣದಿಂದ ಹೊಳೆಯಾಚೆ ಊರುಗಳತನಕ
ಮೊಣಕಾಲುದ್ದ ಗುಂಡಿ ತೋಡಿ, ಉಪ್ಪು, ಅರಿಸಿನ,
ಮೇಲೆ ನಾಯಿ ಕೆದಕದ ಹಾಗೆ ಕಾರೆಮುಳ್ಳು
ಹೇರಿ ಹೇರಿ ಹೂತ ಕೈ ಇದು.
ಲೆಕ್ಕ ಇಟ್ಟವಳಲ್ಲ.
ಗಂಡಿಗೆ ಒಂದು ಸೇರು ಅಕ್ಕಿ, ಹೆಣ್ಣಿಗೆ ಅರ್ಧ ಸೇರು,
ಗುಂಡಿ ಮಾತ್ರ ಇಬ್ಬರಿಗೂ ಒಂದೇ ಆಳ.

ಆಮೇಲೆ ಆಂಬುಲೆನ್ಸು ಬಂತು.
ಹೊಟ್ಟೆ ಕುಯ್ದು ತೆಗೆಯುವವರು ಬಂದರು.
ಹಡೆಯಲು ಬಾರದವರ ಕಾಲ ಅಂತ ನಾನು ಆಡಿಕೊಂಡೆ.
ಈಗ ಇವರು ಹೇಳುತ್ತಾರೆ:
ಕುಯ್ದು ತೆಗೆದ ಹೆರಿಗೆಯದೇ ಆಗಬೇಕು, ಮೈಲಿಗೆ ಸೋಕಿರಬಾರದು,
ತಾಯಿಯ ರಕ್ತ ನೋಡಿ, ಒಪ್ಪಿಗೆ ಬರೆಸಿ,
ತೊಳೆದು, ಕಾಗದದ ಮೇಲೆ ಹರವಿ
ಮಂಜಿಗಿಂತ ತಣ್ಣನೆ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ.
ಯಾವ ತಾಯಿ? ಹೇಳುವಂತಿಲ್ಲವಂತೆ.
ಯಾವ ಜಾತಿ ಅಂತ ಕೇಳಲಿಲ್ಲ ನಾನು.
ಪಕ್ಕದ ಮಂಚದ ನಂಜೇಗೌಡ ಕೇಳಿದ.

ರೇಷ್ಮೆಗೂಡಿನದು, ಮೀನಿನ ಹುರುಪೆಯದೂ
ಎಲ್ಲೋ ಪ್ರಯೋಗ ಮಾಡ್ತಿದ್ದಾರಂತೆ.
ಮಾಡಲಿ. ಹುಳ ಕೊಟ್ಟರೂ ಈಸಿಕೊಂಡೇನು.

ದೀಪದಡಿ ಮಲಗಿ, ಕೂದಲಿಗಿಂತ ಸಣ್ಣ ದಾರ
ಎಳೆಯುವ ಸದ್ದು ಕೇಳಿಸೀತೇ ಅಂತ ಕಾದೆ.
ಕೇಳಿಸಲಿಲ್ಲ. ನೆನಪಾದದ್ದು ಚನ್ನಾಜಮ್ಮನ ಮೂರನೇದು:
ಮುಖದ ತುಂಬ ಪೊರೆ ಹೊತ್ತು ಬಂದಿತ್ತು,
ನೀರುಳ್ಳಿಯ ಒಳಸಿಪ್ಪೆಯ ಹಾಗೆ, ಒಳಗೆ ಕಣ್ಣು ಮುಚ್ಚಿ.
ಮೂಗಿನ ಹತ್ತಿರ ಉಗುರಲ್ಲಿ ಚಿವುಟಿ
ಮೇಲಕ್ಕೆ ಸುಲಿದೆ.
ಮಗು ಅಳಲಿಲ್ಲ ಮೊದಲು. ನೋಡಿತು.
ನನ್ನನ್ನೇ, ಬುಡ್ಡಿದೀಪದ ಜೊತೆ.

ಅವತ್ತು ನಾನು ಸುಲಿದೆ,
ಇವತ್ತು ಇವರು ಹೊಲಿಯುತ್ತಿದ್ದಾರೆ,
ಎರಡೂ ಕಣ್ಣು ಬಿಡಲಿ ಅಂತಲೇ.

ಮೂರನೇ ವಾರಕ್ಕೆ ಬೆಳಕು ಕುಟ್ಟುವುದು ನಿಂತಿತು.
ಪೂರ್ತಿ ಬಂದಿಲ್ಲ. ನರ್ಸಮ್ಮನ ಬಳೆ ಕಾಣುತ್ತೆ,
ಎಷ್ಟು ಬಳೆ ಅಂತ ಕಾಣಲ್ಲ.
ಸೊಸೆ ಸುಣ್ಣದ ಟ್ಯೂಬು ಬಚ್ಚಿಟ್ಟಿದ್ದಾಳೆ.
ಕಡ್ಡಿಯಲ್ಲಿ ತೆಗೆದು, ದೂರ ಹಿಡಿದು ಸವರಿ ಕೊಡುತ್ತಾಳೆ,
ಎಲೆ ಕೊಡುವಾಗ ಮುಖ ಆಚೆ ತಿರುಗಿಸಿರುತ್ತಾಳೆ.

ಮೊನ್ನೆ ಕೇಳಿದೆ: ಆ ಪೊರೆ ಎಲ್ಲಿ ತಾಯಿ, ತೆಗೆದಿರಾ?
"ತೆಗೆಯೋದೇನಿಲ್ಲ, ಅದೇ ಕರಗಿಹೋಯ್ತು."
ಉಪ್ಪಿಲ್ಲ, ಮುಳ್ಳಿಲ್ಲ, ಗುಂಡಿಯೂ ಇಲ್ಲ.
ಆ ಕೂಸು ಈಗ ಎಲ್ಲೋ
ಹೊಸಿಲು ಹಿಡಿದು ನಿಲ್ಲುತ್ತಿರಬೇಕು.
ಹೊರಗೆ ಬಂದು, ನಲ್ಲಿಯ ಕೆಳಗೆ
ಮೊಣಕೈವರೆಗೂ ಕೈ ತೊಳೆದುಕೊಂಡೆ,
ಅಭ್ಯಾಸ.