ಹಿಂಗಾಲಿನ ಸದ್ದು

ಸದ್ದು ಹೇಗಿದೆ ಅಂತ ಕೇಳಿದೆ.
ಮುನಕಾತಾ ಡಾಕ್ಟರು ಬಾಯಿ ತೆರೆದರು, ಮುಚ್ಚಿದರು,
ಕೊನೆಗೆ ನಾಚುತ್ತಲೇ ಅಂದರು: "ಟಂಕ್."
ಎಪ್ಪತ್ತೊಂದರ ಹಲ್ಲಿನ ವೈದ್ಯರು,
ಐವತ್ತೆರಡರ ಕಿತ್ತಳೆ ಬಣ್ಣದ ಫೇರ್‌ಲೇಡಿ ಝಡ್,
ನುಮಾತಾದ ಏರು ಹತ್ತಿ ಬಂದು ನನ್ನ ಶೆಡ್ಡಿನೆದುರು
ಇಬ್ಬರೂ ಏದುಸಿರು ಬಿಡುತ್ತ.

ಟಂಕ್ ಸಾಲದು, ಡಾಕ್ಟರೇ.
ಲೊಟಲೊಟವೋ, ಕಟಕಟವೋ,
ಕಿರ್ರೆಂದು ಎಳೆಯುವುದೋ, ಗುಡುಗುಡು ಉರುಳುವುದೋ?
ಗುಂಡಿಗೆ ಇಳಿದಾಗಲೋ, ಎದ್ದ ಮೇಲೋ?
ಟ್ಯಾಂಕು ಅರೆ ಬರಿದಾದಾಗಲೋ?
"ನಾನು ರೋಗಿಗಳನ್ನು ಕೇಳುವ ಹಾಗೇ ಕೇಳ್ತೀರಿ," ಅಂದರು,
"ಅವರೂ ಹೀಗೇ ಪೆಚ್ಚಾಗ್ತಾರೆ."

ಮೊದಲ ಮದ್ದು, ಖಾಲಿ ಮಾಡುವುದು.
ಸೀಟಿನ ಹಿಂದಿನ ಗೂಡಿನಿಂದ ಜಾಕು, ಸ್ಪ್ಯಾನರು,
ಸ್ಟೆಪ್ನಿಯ ಕುಳಿಯಿಂದ ಒಂದು ಗಾಲ್ಫ್ ಚೆಂಡು.
ಅವರು ಆಟ ಬಿಟ್ಟು ಹನ್ನೊಂದು ವರ್ಷ.
ಅಷ್ಟು ದಿನವೂ ಅದು ತಿರುವು ತಿರುವಿಗೂ
ಒಂಟಿಯಾಗಿ ಆಡಿಕೊಂಡಿತ್ತು.
ಗುಡುಗುಡು ನಿಂತಿತು. ಟಂಕ್ ನಿಲ್ಲಲಿಲ್ಲ.

ಆಮೇಲೆ ನಾನು ಹಿಂದೆ ಮಲಗಿದೆ,
ಗಾಜಿನ ಬಾಗಿಲ ಕೆಳಗೆ ಮಂಡಿ ಮಡಚಿ,
ಐವತ್ತೆಂಟರ ಹೆಂಗಸು.
ಉದ್ದನೆಯ ಸ್ಕ್ರೂಡ್ರೈವರಿನ ಹಿಡಿ ಕಿವಿಗೆ,
ತುದಿ ಎಡಗಡೆಯ ಸ್ಟ್ರಟ್ಟಿನ ನೆತ್ತಿಗೆ.
ಅವರು ಓಡಿಸಿದರು. ಸೇಬಿನ ತೋಟ, ಕೊನ್ಯಾಕು ಹೊಲ,
ರೈಲ್ವೆ ಗೇಟು. ಎರಡು ಹಳಿ, ನಾಲ್ಕು ಪೆಟ್ಟು,
ಮತ್ತೆ ಆ ಐದನೆಯದು.

ಕಬ್ಬಿಣ ಸುಳ್ಳು ಹೇಳುವುದಿಲ್ಲ,
ವಿಳಾಸ ಮಾತ್ರ ತಪ್ಪಿ ಹೇಳುತ್ತದೆ.
ಎಡಗಾಲಿನಲ್ಲಿ ಕೇಳಿದ್ದು ಎಡಗಾಲಿನದಲ್ಲ,
ಬಾಗಿಲಲ್ಲಿ ಕೇಳಿದ್ದು ಬಾಗಿಲಿನದಲ್ಲ.
"ಗೊತ್ತು!" ಮುಂದಿನಿಂದ ಕೂಗಿದರು,
"ಹುಳುಕು ಕೆಳಗಿನ ದವಡೆಗೆ,
ಹಿಡಿದುಕೊಂಡು ಅಳೋದು ಮೇಲಿನ ಹಲ್ಲನ್ನ!"

ಗೇಟಿನಾಚೆ, ಕಾಲು ತೆಗೀರಿ ಅಂದೆ. ಟಂಕ್.
ಒತ್ತಿ ಅಂದೆ. ಟಂಕ್.
ನುಣ್ಣನೆಯ ರಸ್ತೆ, ಒಂದು ಕಲ್ಲೂ ಇಲ್ಲ.
ಹಾಗಾದರೆ ಗಾಲಿಯದಲ್ಲ, ಸ್ಪ್ರಿಂಗಿನದಲ್ಲ,
ನಡುವಿನದು.

ಲಿಫ್ಟಿಗೆ ಏರಿಸಿ ಟಾರ್ಚು ಬಿಟ್ಟೆ.
ಡಿಫರೆನ್ಷಿಯಲ್ಲಿನ ಹಿಂದೆ ಒಂದು ಉಕ್ಕಿನ ಪಟ್ಟಿ,
ಎರಡೂ ಕಡೆ ಬಾಗಿದ್ದು, ಅದಕ್ಕೆ ಮೀಸೆ ಅಂತಲೇ ಹೆಸರು.
ಮೀಸೆಯ ತುದಿಯ ರಬ್ಬರು
ಬಿಸಿಲಲ್ಲಿ ಮರೆತ ಪರ್ಸಿಮನ್ ಹಣ್ಣಿನ ಸಿಪ್ಪೆ.
ಮುಂದಿನ ರಬ್ಬರು ಸೀಳಿ ಎರಡು ತುಟಿ.
ಆಕ್ಸಿಲರೇಟರು ಒತ್ತಿದರೆ ಮೂತಿ ಎತ್ತುತ್ತದೆ,
ಬಿಟ್ಟರೆ ಕುಕ್ಕುತ್ತದೆ.
ಸನ್ನೆಕೋಲು ತೂರಿಸಿ ಮೆಲ್ಲಗೆ ಮೀಟಿದೆ.
ಟಂಕ್.
ಡಾಕ್ಟರು ಕೆಳಗೆ ನಿಂತು ಚಪ್ಪಾಳೆ ತಟ್ಟಿದರು.

ಕೆಳತೋಳಿನ ಉದ್ದ ಪಿನ್ನನ್ನು ಮುಟ್ಟಲಿಲ್ಲ.
ಅದು ತುಕ್ಕಿನೊಳಗೆ ಬೇರು ಬಿಟ್ಟಿದೆ.
ಅಪ್ಪ ಅಂಥದ್ದೊಂದನ್ನು ಮೂರು ದಿನ ಬಡಿದು
ನಾಲ್ಕನೆಯ ದಿನ ಗ್ಯಾಸಿನ ಬೆಂಕಿ ಹಿಡಿದ.
ಪಿನ್ನು ಬಂತು. ಅವನ ಬಲಹುಬ್ಬು ಮತ್ತೆ ಬೆಳೆಯಲಿಲ್ಲ.

ಒಂಬತ್ತು ದಿನಕ್ಕೆ ಡಾಕ್ಟರು ಮತ್ತೆ ಹಾಜರು.
"ಹೊಸ ಸದ್ದು. ಸಣ್ಣದು. ಚಿಕ್ ಚಿಕ್, ಬಲಗಡೆ."
ಹೊಸದಲ್ಲ. ದೊಡ್ಡದರ ನೆರಳಲ್ಲಿ
ಇಷ್ಟು ವರ್ಷ ಕೂತಿತ್ತು,
ಪಂಪು ನಿಂತ ಮೇಲೆ ಗದ್ದೆಯ ಜೀರುಂಡೆ ಕೇಳಿಸುವ ಹಾಗೆ.
ಸ್ಟ್ರಟ್ಟಿನ ನಟ್ಟು ಇರಬಹುದು,
ಹಿಂಬಾಗಿಲ ಬೀಗವೂ ಇರಬಹುದು.
ಬಿಚ್ಚಲೇ ಅಂತ ಕೇಳಿದೆ.
ಅವರು ಕೀಲಿಕೈಯನ್ನು ಬೆರಳಲ್ಲಿ ತಿರುಗಿಸಿದರು,
ಅದೂ ಒಂದು ಸದ್ದು ಮಾಡಿತು.
"ನೋಯ್ತಾ ಇಲ್ಲ, ಅಲ್ವಾ?"
ಕಾರನ್ನು ಕೇಳಿದರೋ, ನನ್ನನ್ನೋ.

ಅವರು ಹೊರಟಾಗ ಗೇಟು ಬಿದ್ದಿತ್ತು.
ಕಿತ್ತಳೆ ಬೆನ್ನು ಕಾಯುತ್ತ ನಿಂತದ್ದು ಶೆಡ್ಡಿನಿಂದ ಕಾಣುತ್ತಿತ್ತು.
ರೈಲು ಹೋಯಿತು. ಎಣಿಸಿದೆ.
ನಾಲ್ಕೇ.

ಗಾಲ್ಫ್ ಚೆಂಡು ಕೇಳಲು ಅವರು ಮರೆತರು, ಕೊಡಲು ನಾನು.
ವಾಷರುಗಳ ಡ್ರಾಯರು ಎಳೆದಾಗಲೆಲ್ಲ
ಗುಡುಗುಡು.