ನಡುವಿನ ಚಿತ್ರಗಳು

ಓಇಜುಮಿ ಸ್ಟೇಷನ್ನಿನ ಎರಡನೇ ಕಂಬದ ಮೇಲೆ
ಹಿನಾಗಿ ರಿತ್ಸುವಿನ ಪೋಸ್ಟರು.
'ಮತ್ತೆ ಹಾಡುತ್ತೇನೆ, ಏಪ್ರಿಲ್‌ನಲ್ಲಿ.'
ಏಪ್ರಿಲ್ ಮೇಲೆ ಜುಲೈ ಅಂಟಿಸಿದ್ದಾರೆ,
ಜುಲೈ ಮೇಲೆ ಅಕ್ಟೋಬರ್.
ಉಗುರಲ್ಲಿ ಕೆರೆದರೆ ತಿಂಗಳುಗಳು ಸಿಪ್ಪೆಯಾಗಿ ಏಳುತ್ತವೆ.
ಕೆರೆದಿದ್ದೇನೆ, ಕೊನೆಯ ರೈಲಿಗೆ ಕಾಯುತ್ತ;
ಸ್ಟೇಷನ್ ಮಾಸ್ತರು ಕೆಮ್ಮಿದ ಮೇಲೆ ಬಿಟ್ಟೆ.

ನನ್ನ ಕೆಲಸ ನಡುವಿನ ಚಿತ್ರ ಬರೆಯುವುದು.
ಮುಷ್ಟಿ ಎತ್ತಿದ್ದನ್ನು ದೊಡ್ಡವರು ಬರೆಯುತ್ತಾರೆ,
ಮುಷ್ಟಿ ತಾಗಿದ್ದನ್ನೂ ಅವರೇ.
ಎತ್ತಿದ್ದಕ್ಕೂ ತಾಗಿದ್ದಕ್ಕೂ ಮಧ್ಯೆ ಇರುವುದೆಲ್ಲ ನನ್ನದು,
ಹಾಳೆಗೆ ಇನ್ನೂರು ಯೆನ್.

ಹದಿನೇಳು ವರ್ಷ ಹೊಡೆತ ಬರೆದ ಕೈ ಹೇಳುತ್ತಿದೆ, ಕೇಳಿ:
ನಮ್ಮ ಕಥೆಗಳಲ್ಲಿ ಯಾರಿಗೂ ಏದುಸಿರು ಬರುವುದಿಲ್ಲ.
ಹನ್ನೆರಡನೇ ಮಹಡಿಯಿಂದ ಬೀಳುವವನು
ಬೀಳುತ್ತಲೇ ತನ್ನ ಬಾಲ್ಯ ಹೇಳುತ್ತಾನೆ,
ತಾಯಿ ಸತ್ತದ್ದು, ಗುರು ಮೋಸ ಮಾಡಿದ್ದು, ಎಲ್ಲ;
ನೆಲ ಪಾಪ, ಕೈಕಟ್ಟಿ ಕೂತು ಕೇಳಿಸಿಕೊಂಡು
ಮಾತು ಮುಗಿದ ಮೇಲೆ ಬಂದು ತಾಗುತ್ತದೆ.
ಬಿದ್ದರೂ ಮಣ್ಣಾಗಲು
ನಮ್ಮ ಹುಡುಗನಿಗೆ ಮೀಸೆಯೇ ಮೂಡಿಲ್ಲ.
ಅರ್ಧ ಊರು ಉರುಳಿರುತ್ತದೆ, ಮಾರನೇ ದಿನ
ಗುಡಿಸುವವಳು ಒಬ್ಬಳೂ ಇರುವುದಿಲ್ಲ.
ಬರೆಯಲು ಪುರುಸೊತ್ತಿಲ್ಲದ ಕಡೆ ನಾಲ್ಕು ಗೆರೆ ಎಳೆದು
ಅದಕ್ಕೆ ವೇಗ ಎಂದು ಹೆಸರಿಟ್ಟಿದ್ದೇವೆ.
ಸೋಲುತ್ತಿರುವವನು ಕಿರುಚುತ್ತಾನೆ. ಕಿರುಚಿದರೆ ಸಾಕು, ಗೆಲ್ಲುತ್ತಾನೆ.
ಗಂಟಲಿಗೆ ಏನೂ ಆಗುವುದಿಲ್ಲ.

ರಿತ್ಸುವಿನ ಗಂಟಲಿಗೆ ಆಯಿತು.
ಅಕ್ಕಿಕಾಳಿನಷ್ಟು ಗಂಟು.
ಕತ್ತರಿಸಿದರು. ಆರು ವಾರ ಮಾತಿಲ್ಲ ಎಂದರು,
ಆರು ವಾರ ಹದಿನಾಲ್ಕು ತಿಂಗಳಾಯಿತು.
ನಮ್ಮ ಹೊಸ ಸರಣಿಯ ಶುರುವಿನ ಹಾಡು ಅವಳದು;
ತೊಂಬತ್ತು ಸೆಕೆಂಡು ಖಾಲಿ ಇಟ್ಟುಕೊಂಡು ಕೂತಿದ್ದೆವು,
ಬರುವ ನೆಂಟರಿಗೆ ಎಲೆ ಹಾಕಿ ಕೂತ ಹಾಗೆ.

ಒಮ್ಮೆ ಸ್ಟುಡಿಯೋಗೆ ಬಂದಿದ್ದಳು.
ಕೊರಳಿಗೆ ಸಾಸಿವೆ ಬಣ್ಣದ ಮಫ್ಲರು, ಕೈಯಲ್ಲಿ ಸಣ್ಣ ಬಿಳಿ ಹಲಗೆ.
ನನ್ನ ಮೇಜಿನ ಬಳಿ ನಿಂತು, ಹಾಳೆಯ ಕಟ್ಟನ್ನು ಹೆಬ್ಬೆರಳಲ್ಲಿ ಸರ್ರನೆ ಬಿಟ್ಟು
ಹುಡುಗ ಹಾರುವುದನ್ನು ನೋಡಿದಳು. ಇನ್ನೊಮ್ಮೆ ನೋಡಿದಳು.
ಹಲಗೆಯ ಮೇಲೆ ಬರೆದಳು:
'ಇವನು ಉಸಿರು ಎಲ್ಲಿ ತಗೊಳ್ತಾನೆ?'
ಯಾರೋ ನಕ್ಕರು.
ನಾನು ನಗಲಿಲ್ಲ ಎಂದು ಹೇಳುವ ಆಸೆಯಿದೆ.
ನಕ್ಕೆ.

ಆ ರಾತ್ರಿ ಯಾರನ್ನೂ ಕೇಳದೆ ಹದಿನಾರು ಹಾಳೆ ಸೇರಿಸಿದೆ:
ಹೊಡೆದು ಮುಗಿಸಿದ ಹುಡುಗ ಮಂಡಿಗೆ ಕೈಯೂರಿ ಬಗ್ಗುತ್ತಾನೆ,
ಬೆನ್ನು ಏರುತ್ತದೆ, ಇಳಿಯುತ್ತದೆ,
ಉಗುಳು ನುಂಗುತ್ತಾನೆ. ಅಷ್ಟೇ.
ನಿರ್ದೇಶಕ ತೊಕಿಜಾನೆ ಎರಡು ಸಲ ನೋಡಿದರು.
'ಚೆನ್ನಾಗಿದೆ. ಆದರೆ ಇಲ್ಲಿ ಕಥೆ ನಿಂತುಹೋಗುತ್ತೆ.'
ನಿಂತುಹೋಗುತ್ತೆ, ನಿಜ.
ನಿಂತದ್ದನ್ನು ನೋಡಲು ಯಾರೂ ದುಡ್ಡು ಕೊಡುವುದಿಲ್ಲ, ಅದೂ ನಿಜ.
ಆ ಹಾಳೆಗಳು ಮೇಜಿನ ಕೆಳಗೆ ಕಿತ್ತಳೆಹಣ್ಣಿನ ಪೆಟ್ಟಿಗೆಯಲ್ಲಿವೆ,
ಕಾಲು ಚಾಚಿದರೆ ತಾಗುತ್ತವೆ.

ಮೊನ್ನೆ ಸುದ್ದಿ ಬಂತು: ಅಕ್ಟೋಬರ್ ಕೂಡ ಇಲ್ಲ.
ಹಾಡಲು ಬೇರೆಯವಳು ಸಿಕ್ಕಿದ್ದಾಳೆ, ಹತ್ತೊಂಬತ್ತರ ಹುಡುಗಿ,
ಕಂಚಿನಂಥ ಕಂಠ. ಅವಳ ತಪ್ಪೇನಿಲ್ಲ.
ರಿತ್ಸುವನ್ನು ಅಭಿಮಾನಿಗಳೇ ಬೈಯುತ್ತಿದ್ದಾರಂತೆ:
ಇಷ್ಟು ದಿನ ಬೇಕೆ, ಮನಸ್ಸಿಲ್ಲ ಅಂತ ಹೇಳಿಬಿಡಲಿ.
ಬಿದ್ದವರು ಮುಂದಿನ ಭಾನುವಾರ ಎದ್ದು ನಿಲ್ಲುವುದನ್ನು
ನೋಡಿ ನೋಡಿ ಬೆಳೆದ ಮಕ್ಕಳು.
ತೋರಿಸಿದವರಲ್ಲಿ ನಾನೂ ಒಬ್ಬ.

ಈಗ ಕೆಲಸ ಮುಗಿದ ಮೇಲೆ, ರದ್ದಿ ಹಾಳೆಗಳ ಬೆನ್ನಿನ ಮೇಲೆ
ಒಂದು ಬಾಯಿ ಬರೆಯುತ್ತಿದ್ದೇನೆ.
ಮೊದಲನೆಯದು ಮುಚ್ಚಿದ ಬಾಯಿ.
ಕೊನೆಯದು ನನಗೆ ಗೊತ್ತಿಲ್ಲ, ಅದು ನನ್ನ ಕೆಲಸವೂ ಅಲ್ಲ.
ನಡುವೆ ಎಷ್ಟು ಬೇಕೋ, ಎಣಿಸಿಲ್ಲ.
ನಿನ್ನೆ ತುಟಿ ಒಣಗಿದ್ದನ್ನು ಬರೆದೆ,
ಇವತ್ತು ನಾಲಿಗೆ ಬಂದು ಅದನ್ನು ಒದ್ದೆ ಮಾಡಿದ್ದನ್ನು.