ಕಾಲ್ಗೂರ್ಲಿಗೆ ಬರುವ ನಗೀನಾಗೆ

ನಗೀನಾ,
ಪಾಸ್‌ಪೋರ್ಟಿನ ನಕಲು ಮೂರು ಮಾಡಿಸು.
ಒಂದು ಪೆಟ್ಟಿಗೆಯ ತಳಕ್ಕೆ,
ಒಂದು ಬಂಗಾರಪೇಟೆಯಲ್ಲಿ ನಿನ್ನಕ್ಕನ ಕೈಗೆ,
ಇನ್ನೊಂದು ಮೈಗಂಟಿದ ಚೀಲದಲ್ಲಿ.
ಅಸಲು ಕಳೆದ ದಿನ ನಕಲಿಗೇ ಮರ್ಯಾದೆ.

ಮಾತ್ರೆಗಳನ್ನು ಡಬ್ಬಿಗೆ ಸುರಿದುಕೊಂಡು ಬರಬೇಡ,
ಅಂಗಡಿಯ ಪಟ್ಟಿಯಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗೆ.
ನಾವು ನರ್ಸುಗಳು, ಯಾವುದು ಏನೆಂದು ನಮಗೆ ಗೊತ್ತು.
ಕೌಂಟರಿನ ಆಚೆ ನಿಂತವನಿಗೆ ಗೊತ್ತಿಲ್ಲ.

ಪ್ಲಗ್ಗಿನ ಕಾಲುಗಳು ಇಲ್ಲಿ ಓರೆ,
ಮಾತು ಬಿಟ್ಟ ಓರಗಿತ್ತಿಯರ ಹಾಗೆ
ಒಂದೊಂದು ಒಂದೊಂದು ಕಡೆ ವಾಲಿವೆ.
ಅಡಾಪ್ಟರು ಅಲ್ಲೇ ಕೊಂಡುಕೋ.

ಅಮ್ಮ ಕಟ್ಟಿಕೊಡುವುದನ್ನೆಲ್ಲ ಕಟ್ಟಿಸಿಕೋ,
ಬೇಡ ಅನ್ನಬೇಡ,
ಮಧ್ಯರಾತ್ರಿ ಎದ್ದು ಅರ್ಧ ತೆಗೆದಿಡು.
ಉಳಿದದ್ದನ್ನು ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಬರೆ:
ಚಟ್ನಿಪುಡಿ ಇದೆ, ಉಪ್ಪಿನಕಾಯಿ ಇದೆ, ಇದೆ, ಇದೆ.
ಹೇಳಿದ್ದಕ್ಕೆ ದಂಡವಿಲ್ಲ, ಬಚ್ಚಿಟ್ಟದ್ದಕ್ಕೆ ಉಂಟು.

ನಾನು ಹೇಳಿರಲಿಲ್ಲ.
ಪರ್ತ್‌ನಲ್ಲಿ ಅಂಗಿ ತೊಟ್ಟ ನಾಯಿಯೊಂದು
ನನ್ನ ಚೀಲದ ಪಕ್ಕ ಸುಮ್ಮನೆ ಕುಳಿತಿತು.
ಬೊಗಳಲಿಲ್ಲ. ಅದೇ ಭಯ.
ಸಿಕ್ಕಿದ್ದು ನಾಲ್ಕು ಹುಣಿಸೆಬೀಜ,
ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು,
ಅಜ್ಜಿಯ ಚೌಕಾಬಾರದವು.
'ತಿನ್ನುವುದಕ್ಕೋ?' ಅಲ್ಲ, ಆಡುವುದಕ್ಕೆ.
'ಬಿತ್ತುವುದಕ್ಕೋ?' ಅಯ್ಯೋ, ಅಲ್ಲ.
ಆತ ನಗಲಿಲ್ಲ, ಬೈಯಲೂ ಇಲ್ಲ,
ಎಚ್ಚರಿಕೆಯ ಹಾಳೆ ಕೊಟ್ಟು ಬೀಜಗಳನ್ನು ತಟ್ಟೆಗೆ ಸುರಿದ.
ಎರಡು ಬಿಳಿ ಮೇಲಾಗಿ ಬಿದ್ದವು.
ಎರಡು, ಎಂದು ಮನಸ್ಸು ಎಣಿಸಿಬಿಟ್ಟಿತು.

ಸೈನೈಡ್ ದಿಬ್ಬ ನೋಡಿ ಬೆಳೆದ ಕಣ್ಣಿಗೆ
ಇಲ್ಲಿಯ ಚಿನ್ನದ ಗುಂಡಿ ಹೊಸತೇನಲ್ಲ, ದೊಡ್ಡದು ಅಷ್ಟೆ.
ಅಲ್ಲಿ ನೆಲದೊಳಗೆ ಇಳಿದರು, ಇಲ್ಲಿ ನೆಲವನ್ನೇ ಎತ್ತಿದರು.
ಮದ್ದು ಸಿಡಿದು ಕಿಟಕಿ ನಡುಗಿದರೆ ಓಡಬೇಡ,
ನಿನ್ನ ದಾದಾನಿಗೆ ಗೊತ್ತಿತ್ತು ಆ ನಡುಕ.

ಈಗ ರಸ್ತೆ. ಇದನ್ನು ಎರಡು ಸಲ ಓದು.
ಮುಸ್ಸಂಜೆಗೆ ಕಾರು ತೆಗೆಯಬೇಡ,
ಕಾಂಗರೂಗಳು ರಸ್ತೆಗೆ ಬರುವ ಹೊತ್ತು.
ನೀರು ತಲೆಗೆ ಹತ್ತು ಲೀಟರ್,
ಒಂದೇ ಕ್ಯಾನಿನಲ್ಲಿ ಬೇಡ, ಕ್ಯಾನು ಒಡೆಯುತ್ತದೆ.
ಎಲ್ಲಿಗೆ, ಯಾವ ದಾರಿ, ಎಷ್ಟಕ್ಕೆ ವಾಪಸು,
ಯಾರಿಗಾದರೂ ಹೇಳಿ ಹೊರಡು.
ತಲುಪಿದ ಮೇಲೂ ಹೇಳು, ಅದನ್ನೇ ಮರೆಯುತ್ತೇವೆ.
ತುರ್ತಿಗೆ ಮೂರು ಸೊನ್ನೆ.
ಸಿಗ್ನಲ್ ಇಲ್ಲದಲ್ಲಿ ಅದು ಬರೀ ಸೊನ್ನೆ.
ಗಾಡಿ ಕೆಟ್ಟರೆ
ಗಾಡಿ ಬಿಟ್ಟು ನಡೆಯಬೇಡ.

ಮೆಂಜೀಸ್ ದಾಟಿ ಮಣ್ಣುದಾರಿ, ಫೆಬ್ರವರಿ.
ಟೈರು ಎರಡು ಹೋದವು, ಸ್ಟೆಪ್ನಿ ಒಂದು.
ದೂರದಲ್ಲಿ ಏನೋ ಮಿನುಗುತ್ತಿತ್ತು,
ತಗಡಿನ ಸೂರೋ, ನೀರೋ.
ನನ್ನನ್ನು ಕೇಳದೆ ಕಾಲುಗಳು ಎದ್ದು ನಿಂತವು.
ಆಗ ಅಜ್ಜಿಯ ಬಾಯಿ:
'ಕಟ್ಟೇಲಿರೋ ಕಾಯಿನ ಯಾರೂ ಕಡಿಯೋಕಾಗಲ್ಲ,
ಗರ ಬೀಳೋವರೆಗೂ ಕೂತ್ಕೊಳೇ.'

ಕಾರಿನ ನೆರಳಲ್ಲಿ ಕೂತೆ.
ನೆರಳು ಸರಿದಂತೆ ಸರಿದೆ.
ಕೆಂಪು ಧೂಳಲ್ಲಿ ಐದೈದು ಮನೆ ಗೆರೆ ಎಳೆದು
ಹರಳು ನಡೆಸಿದೆ, ಎರಡೂ ಕಡೆಗೆ ನಾನೇ.
ಎರಡೂ ಕಡೆ ಸೋತೆ, ಹೇಗೋ.

ಒಂಬತ್ತು ಗಂಟೆ ಕಳೆದು, ಕತ್ತಲಲ್ಲಿ,
ಹುಡುಕಿ ಬಂದವಳು ನಮ್ಮ ವಾರ್ಡಿನ ಡಾಫ್ನಿ.
'ನಾಲ್ಕಕ್ಕೆ ಬರ್ತೀನಿ ಅಂದಿದ್ದೆ, ಬರಲಿಲ್ಲ'
ಅಂದಳು, ಬಾಟಲಿ ಕೊಟ್ಟಳು.
ಊರಿನ ದೀಪ ಕಂಡ ಮೇಲೆ ಇನ್ನೊಂದು ಮಾತು:
'ನಡೆದಿದ್ದರೆ ಗಾಡಿ ಸಿಗ್ತಿತ್ತು.'

ಪರ್ತ್‌ನಲ್ಲಿ ರೈಲು ಹತ್ತುವ ಮುಂಚೆ
ಒಂದು ಮೆಸೇಜು ಹಾಕು, ಎಷ್ಟೊತ್ತಿಗೆ ಅಂತ.
ತಡವಾದರೆ ನಾನು ಪ್ಲಾಟ್‌ಫಾರಮ್ಮಿನಲ್ಲಿ ನಿಲ್ಲುವವಳಲ್ಲ.
ಮತ್ತೆ, ಕವಡೆ ನಾಲ್ಕು.
ತೊಳೆದು ಒಣಗಿಸು, ಕಾರ್ಡಿನಲ್ಲಿ ಬರೆ, ತೋರಿಸಿ ತಾ.
ನಾಲ್ಕೂ ಬೋರಲು ಬಿದ್ದರೆ ನಮ್ಮಲ್ಲಿ ಎಂಟು.
ನಿಮ್ಮ ಮನೆಯಲ್ಲಿ?